‘ದವಾ ಇಲ್ಲ’ ಎಂದ ಮಾತನ್ನು ಮರಳಿ ಪಡೆಯಲು ಹೋದ ಡಾಕ್ಟರಬಾಯಿ

ಎಲುಬು ಕೂಡಿಸುವವರಿಗೆ, ಹೆರಿಗೆ ಮಾಡಿಸುವವರಿಗೆ, ಎದೆಯ ಬಡಿತ ಆಲಿಸುವವರಿಗೆ ಸಲ್ಲುವ ಗೌರವ ಚರ್ಮದ ವೈದ್ಯರಿಗೆ ನಮ್ಮ ಬೀದರ ಜಿಲ್ಲೆಯಲ್ಲಿ ಬಹುಕಾಲ ಸಂದಿರಲಿಲ್ಲ. ತುರಿಕೆಗೂ ಒಬ್ಬ ಡಾಕ್ಟರು ಬೇಕೇ, ಕಿರಾಣಿ ಅಂಗಡಿಯಲ್ಲಿ ಸಿಗುವ ಮುಲಾಮು ಸಾಲದೇ ಎಂದು ಓದಿದವರೂ ಕೇಳುತ್ತಿದ್ದ ಕಾಲವದು. ಆ ಕಾಲದಲ್ಲಿ ಭಾಲ್ಕಿಯ ಬಸ್ ನಿಲ್ದಾಣದ ಹಿಂದೆ ಒಂದೇ ಕೋಣೆಯ ದವಾಖಾನೆ ತೆರೆದು, ಗಜಕರ್ಣ ಕಜ್ಜಿಗಳಿಂದ ಆರಂಭಿಸಿ, ಇಂದು ಲೇಸರ್ ಚಿಕಿತ್ಸೆಯಲ್ಲಿ ಈ ಗಡಿಭಾಗದ ಮೂರೂ ಭಾಷೆಯ ಜನ ಹುಡುಕಿಕೊಂಡು ಬರುವ ಹೆಸರಾಗಿ ಬೆಳೆದವರು ಡಾ. ಮಹಾಮಾಯಾ ಪಂಢರಿ. ಈ ವರ್ಷ ಅರವತ್ತೈದು ತುಂಬಿದ ಸಂದರ್ಭದಲ್ಲಿ ಅವರು ಬೀದರಿನ ತಮ್ಮ ದವಾಖಾನೆಯ ಹೊಣೆಯನ್ನು ಶಿಷ್ಯೆ ಡಾ. ತಬಸ್ಸುಮ ಅವರಿಗೆ ಒಪ್ಪಿಸುತ್ತಿದ್ದಾರೆ. ಶಿಷ್ಯರೂ ಸಹೋದ್ಯೋಗಿಗಳೂ ಸೇರಿ ಹೊರತರುತ್ತಿರುವ ಈ ಗ್ರಂಥಕ್ಕೆ ಅದೇ ನಿಮಿತ್ತ.

ಅಭಿನಂದನ ಲೇಖನದಲ್ಲಿ ಸನ್ಮಾನಿತರ ಸಾಧನೆಗಳು ಇರಬೇಕು, ತಪ್ಪುಗಳು ಇರಬಾರದು ಎಂಬುದು ರೂಢಿ. ಈ ಲೇಖನ ಆ ರೂಢಿಯನ್ನು ಮುರಿಯುತ್ತಿದೆ, ಮತ್ತು ಮುರಿಯುತ್ತಿರುವುದು ಸ್ವತಃ ಸನ್ಮಾನಿತರ ಹಟದಿಂದ. ಪುಸ್ತಕದ ಸುದ್ದಿ ತಿಳಿಸಲು ಹೋದವರಿಗೆ ಚಹಾ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡು, “ಉಮಾಶ್ರೀ ಮಾತು ಬರೀತೀರೇನು? ಅದು ಇಲ್ಲಂದ್ರ ಪುಸ್ತಕನೂ ಬ್ಯಾಡ, ಹಾರಾನೂ ಬ್ಯಾಡ” ಎಂದರು. ಅವರು ಬೇಡ ಎಂದರೆ ಬೇಡವೇ ಎಂಬುದು ಅವರ ಕೈಕೆಳಗೆ ಕೆಲಸ ಮಾಡಿದವರಿಗೆಲ್ಲ ಗೊತ್ತು. ಆದ್ದರಿಂದ ಉಮಾಶ್ರೀ ಯಾರೆಂಬುದನ್ನು ಇಲ್ಲಿ ಹೇಳಲೇಬೇಕಾಗಿದೆ. ಅದಕ್ಕೂ ಮೊದಲು ಮಹಾಮಾಯಾ ಎಲ್ಲಿಂದ ಬಂದವರು ಎಂಬುದನ್ನು.

ಅವರು ಹುಟ್ಟಿದ್ದು ಔರಾದಿನಲ್ಲಿ. ತಂದೆ ಪಂಢರಿಯವರು ಬಸ್ ಡಿಪೊದಲ್ಲಿ ಮೆಕ್ಯಾನಿಕ್. ಕೆಟ್ಟ ಇಂಜಿನ್ನಿನ ಸದ್ದನ್ನು ಊಟದ ಮಧ್ಯದಲ್ಲಿ ಕೇಳಿದರೂ ತಟ್ಟೆ ಬಿಟ್ಟು ಏಳುವ ಮನುಷ್ಯ. ತಾಯಿ ಅಂಜನಾಬಾಯಿ ಕೂಲಿಯ ನಡುವೆಯೇ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತು, ಮಗಳ ಪಠ್ಯಪುಸ್ತಕವನ್ನು ಮಗಳಿಗಿಂತ ಮೊದಲು ಓದಿ ಮುಗಿಸುತ್ತಿದ್ದರಂತೆ. ದಲಿತ ಬೌದ್ಧರ ಆ ಮನೆಯಲ್ಲಿ ಓದು ಎಂಬುದು ಹಬ್ಬಕ್ಕಿಂತ ದೊಡ್ಡದಾಗಿತ್ತು. ಕಲಬುರ್ಗಿಯಲ್ಲಿ ಎಂಬಿಬಿಎಸ್, ಹೈದರಾಬಾದಿನಲ್ಲಿ ಚರ್ಮರೋಗದ ಡಿಪ್ಲೊಮಾ ಮುಗಿಸಿದ ಮಗಳು ಎಲ್ಲ ಬಿಟ್ಟು ಚರ್ಮವನ್ನೇ ಏಕೆ ಆರಿಸಿಕೊಂಡಳೆಂದು ನೆಂಟರು ಕೇಳಿದಾಗ ಅಂಜನಾಬಾಯಿಯವರೇ ಉತ್ತರಿಸಿದ್ದರಂತೆ: “ಮಂದಿ ಮುಟ್ಟಲಾರದ್ದು ನನ್ನ ಮಗಳು ಮುಟ್ಟಿ ನೋಡ್ತಾಳ.”

ಮುಟ್ಟುವುದರ ಬೆಲೆಯನ್ನು ಆ ಮನೆಗೆ ಯಾರೂ ಕಲಿಸಬೇಕಾಗಿರಲಿಲ್ಲ. ಭಾಲ್ಕಿಯ ಆ ಒಂದು ಕೋಣೆಗೆ ಬಂದ ಮೊದಲ ವರ್ಷಗಳ ರೋಗಿಗಳಲ್ಲಿ ಕುಷ್ಠದವರಿದ್ದರು, ಮೈತುಂಬ ಹುಣ್ಣಾದವರಿದ್ದರು, ತೊನ್ನಿನ ಕಲೆಯನ್ನು ತುಂಬುತೋಳಿನ ಅಂಗಿಯಲ್ಲಿ ಬಚ್ಚಿಟ್ಟು ಬಂದ ಮದುಮಕ್ಕಳಿದ್ದರು. ಮಹಾಮಾಯಾ ಮೊದಲು ರೋಗಿಯ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಳ್ಳುತ್ತಿದ್ದರು, ಆಮೇಲೆ ಹೆಸರು ಕೇಳುತ್ತಿದ್ದರು. ಇದನ್ನು ಅವರು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ಆ ಹಿಡಿತದಲ್ಲೇ ಅರ್ಧ ಕಾಯಿಲೆ ವಾಸಿಯಾಗುತ್ತಿತ್ತು ಎಂದು ಹಳೆಯ ರೋಗಿಗಳು ಹೇಳುತ್ತಾರೆ. ಡಾಕ್ಟರಬಾಯಿ ಮಾತ್ರ, ಅರ್ಧ ವಾಸಿಯಾದ ರೋಗಿ ಮಾತ್ರೆ ನುಂಗುವುದನ್ನು ಬಿಡುತ್ತಾನೆ, ಅದೇ ತೊಂದರೆ ಎಂದು ಗೊಣಗುತ್ತಿದ್ದರು.

ಸಂತೆಯ ದಿನ ಔರಾದಿಗೆ ಹೋಗಿ ಉಚಿತವಾಗಿ ನೋಡುವ ಪದ್ಧತಿಯನ್ನೂ ಆಗಲೇ ಆರಂಭಿಸಿದರು. ಸಂತೆಗೆ ಬಂದವರು ತರಕಾರಿಯ ಚೀಲ ಕಾಲಿನ ನಡುವೆ ಇಟ್ಟುಕೊಂಡೇ ಬೆನ್ನು ತೋರಿಸಿ ಹೋಗುತ್ತಿದ್ದರು. ಔಷಧಿಯ ಕಂಪನಿಯವರು ಕೊಟ್ಟ ಸ್ಯಾಂಪಲ್ ಟ್ಯೂಬುಗಳೆಲ್ಲ ಅಲ್ಲಿಯೇ ಖಾಲಿಯಾಗುತ್ತಿದ್ದವು. ಬದಲಿಗೆ ಹಸಿ ಮೆಣಸಿನಕಾಯಿಯೋ ಹೀರೇಕಾಯಿಯೋ ಅವರ ಚೀಲ ಸೇರುತ್ತಿತ್ತು, ಬೇಡವೆಂದರೂ ಬಿಡುವವರಲ್ಲ ನಮ್ಮ ಜನ.

ಹೀಗೆ ಹೆಸರು ಬೆಳೆಯುತ್ತಿದ್ದ ದಿನಗಳಲ್ಲೇ, ತೊಂಬತ್ತನಾಲ್ಕರ ಸುಮಾರಿಗೆ, ಭಾಲ್ಕಿಯ ಮನ್ಮಥಪ್ಪ ಮತ್ತು ಅನುಸೂಯಾಬಾಯಿ ದಂಪತಿಗಳು ತಮ್ಮ ನಾಲ್ಕು ವರ್ಷದ ಮಗಳನ್ನು ಕರೆತಂದರು. ಮನ್ಮಥಪ್ಪನವರದು ಬೀದರಿನ ಗಾಂಧಿ ಗಂಜಿನಲ್ಲಿ ತೊಗರಿ, ಕಡಲೆಯ ದಲಾಲಿ ಅಂಗಡಿ; ನಡೆನುಡಿಯಲ್ಲಿ ಶರಣರ ಮನೆತನ. ಮಗಳು ಉಮಾಶ್ರೀಯ ಎಡಗಣ್ಣಿನ ಸುತ್ತ, ಹಣೆಯಿಂದ ಕೆನ್ನೆಯವರೆಗೆ, ಬೂದುಮಿಶ್ರಿತ ನೀಲಿಯ ಹುಟ್ಟುಮಚ್ಚೆ ಹರಡಿತ್ತು. ಬಸುರಿಯಿದ್ದಾಗ ಗ್ರಹಣದಲ್ಲಿ ಹೊರಗೆ ಬಂದದ್ದರ ಫಲ ಇದು ಎಂದು ಅನುಸೂಯಾಬಾಯಿಯನ್ನು ಗಂಡನ ಮನೆಯವರು ನಾಲ್ಕು ವರ್ಷ ಚುಚ್ಚಿದ್ದರು.

ಮಹಾಮಾಯಾ ಮಗುವಿನ ಕೆನ್ನೆಯನ್ನು ಸವರಿ ನೋಡಿ, ತಾಯಿಯ ಮುಖ ನೋಡಿ, ಮೊದಲು ತಾಯಿಗೇ ಚಿಕಿತ್ಸೆ ಮಾಡಿದರು. “ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲವ್ವಾ. ಚರ್ಮದ ಬಣ್ಣ ಒಂದೀಟು ಒಳಗ ಉಳಕೊಂಡದ, ಅಷ್ಟೇ. ನಿನ್ನ ತಪ್ಪೇನೂ ಇಲ್ಲ. ಯಾರರ ಅಂದ್ರ ನನ್ನ ಹತ್ತಿರ ಕಳಸು” ಎಂದರು. ಅನುಸೂಯಾಬಾಯಿ ಆ ಕೋಣೆಯಲ್ಲಿ ಜೋರಾಗಿ ಅತ್ತುಬಿಟ್ಟರು. ಅವರ ಅಳು ನಿಂತ ಮೇಲೆ ಮನ್ಮಥಪ್ಪನವರು ಮದ್ದಿನ ಮಾತು ಎತ್ತಿದರು. ಡಾಕ್ಟರಬಾಯಿ ಅಷ್ಟೇ ನೇರವಾಗಿ, “ಇದಕ್ಕ ದವಾ ಇಲ್ರಿ. ಜೀವಕ್ಕೇನೂ ಧೋಕಾ ಇಲ್ಲ. ಅವರಿವರ ಮಾತು ಕೇಳಿ ಸುಮ್ಮನ ಅಲೀಬ್ಯಾಡ್ರಿ” ಎಂದು ಕಳಿಸಿಕೊಟ್ಟರು.

ಅಂದು ಸಂಜೆ ಮಹಾಮಾಯಾರಿಗೆ ತಮ್ಮ ಬಗ್ಗೆ ಒಂದಿಷ್ಟು ಹೆಮ್ಮೆಯೇ ಎನಿಸಿತ್ತು. ಸುಳ್ಳು ಆಸೆ ಹಚ್ಚಿ ವರ್ಷಗಟ್ಟಲೆ ಮುಲಾಮು ಮಾರುವವರ ನಡುವೆ ತಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆನಲ್ಲ ಎಂಬ ಸಮಾಧಾನ. ಅದು ಪ್ರಾಮಾಣಿಕವಾದ ಮಾತೇ ಆಗಿತ್ತು. ಆದರೆ ಆ ಹೊತ್ತಿಗೆ ಅದು ನಿಜವಾದ ಮಾತಾಗಿರಲಿಲ್ಲ, ಅದು ಅವರಿಗೆ ಗೊತ್ತಿರಲಿಲ್ಲ.

ಮುಂದಿನ ವರ್ಷಗಳಲ್ಲಿ ದವಾಖಾನೆ ಬೀದರಿಗೆ ಬಂತು. ಕೀರ್ತಿ ಬಂತು, ಸೊಂಟ ನೋವೂ ಬಂತು. ನಲವತ್ತು ದಾಟಿದ ವೈದ್ಯರು ಸಾಮಾನ್ಯವಾಗಿ ಕಲಿತದ್ದರಲ್ಲೇ ಕಾಲ ಹಾಕುತ್ತಾರೆ. ರೋಗಿಗಳ ಸಾಲು ಉದ್ದವಿದ್ದರೆ ಹೊಸ ಪುಸ್ತಕ ಬಿಚ್ಚಲು ಪುರುಸೊತ್ತಾದರೂ ಎಲ್ಲಿ? ಮಹಾಮಾಯಾರಿಗೂ ಕೆಲಕಾಲ ಹಾಗೆಯೇ ಆಗಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಲೇಸರ್ ಎಂದರೆ ದೊಡ್ಡ ಊರಿನ ಸಿರಿವಂತರ ಶೋಕಿ, ನಮ್ಮ ಜನಕ್ಕೇನು ಸಂಬಂಧ ಎಂಬ ತಾತ್ಸಾರವೂ ಇತ್ತಂತೆ. ಎರಡು ಸಾವಿರದ ಎಂಟರಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ಹೈದರಾಬಾದಿನ ಒಂದು ವಾರದ ಲೇಸರ್ ತರಬೇತಿಗೆ ಅವರು ಹೋದದ್ದು ಸ್ನೇಹಿತೆಯೊಬ್ಬರ ಒತ್ತಾಯಕ್ಕೆ.

ಎರಡನೆಯ ದಿನ ಅಲ್ಲಿಯ ಗುರುಗಳು ಪರದೆಯ ಮೇಲೆ ಒಂದು ಮುಖ ತೋರಿಸಿದರು. ಎಡಗಣ್ಣಿನ ಸುತ್ತ ಬೂದುನೀಲಿ ಮಚ್ಚೆ. ಪಕ್ಕದಲ್ಲೇ ಅದೇ ಮುಖದ ಇನ್ನೊಂದು ಚಿತ್ರ, ಮಚ್ಚೆಯಿಲ್ಲದ್ದು. ಈ ಬೆಳಕು ಮೇಲಿನ ಚರ್ಮವನ್ನು ದಾಟಿ ಹೋಗಿ ಆಳದಲ್ಲಿರುವ ಬಣ್ಣದ ಕಣಗಳನ್ನು ಒಡೆಯುತ್ತದೆ, ಒಡೆದದ್ದನ್ನು ದೇಹವೇ ತಿಂಗಳುಗಟ್ಟಲೆ ನಿಧಾನವಾಗಿ ಸಾಗಿಸಿಬಿಡುತ್ತದೆ ಎಂದು ಅವರು ವಿವರಿಸುತ್ತಿದ್ದರು. ಉಳಿದವರು ಬರೆದುಕೊಳ್ಳುತ್ತಿದ್ದಾಗ ಮಹಾಮಾಯಾ ಎದ್ದು ಹೊರಗೆ ಬಂದು ವರಾಂಡದ ಬೆಂಚಿನ ಮೇಲೆ ಕುಳಿತರು. ಆ ಪೋರಿ ಈಗೆಷ್ಟು ದೊಡ್ಡವಳಾಗಿರಬೇಕು ಎಂಬುದೊಂದೇ ಅವರ ತಲೆಯಲ್ಲಿ ಸುತ್ತುತ್ತಿತ್ತು. ಹದಿನೆಂಟು ಎಂದು ಲೆಕ್ಕ ಸಿಕ್ಕಿದಾಗ ಅವರಿಗೆ ಕಣ್ಣು ತುಂಬಿ ಬಂತು.

ಆಮೇಲೆ ಒಳಗೆ ಬಂದವರು ಮೊದಲ ಬೆಂಚಿನಲ್ಲಿ ಕುಳಿತರು. ಅಂದಿನಿಂದ ಇಂದಿನವರೆಗೆ ಯಾವ ಸಮ್ಮೇಳನದಲ್ಲಿಯೂ ಅವರು ಆ ಬೆಂಚು ಬಿಟ್ಟಿಲ್ಲ. ತಮ್ಮ ಶಿಷ್ಯರ ವಯಸ್ಸಿನವರು ಮಾತನಾಡುತ್ತಿದ್ದರೂ ಕೈ ಎತ್ತಿ ಪ್ರಶ್ನೆ ಕೇಳುತ್ತಾರೆ, ಹೊರಗೆ ಊಟ ತಣ್ಣಗಾಗುವವರೆಗೂ ಕೇಳುತ್ತಾರೆ, ಹಸಿದ ಸಭಿಕರು ಹಲ್ಲು ಕಡಿಯುವುದು ಅವರಿಗೆ ಕೇಳಿಸುವುದಿಲ್ಲ. ಆ ತರಬೇತಿಯಲ್ಲಿ ಅಭ್ಯಾಸಕ್ಕೆ ಚರ್ಮ ಬೇಕಾದಾಗ ತಮ್ಮ ಎಡಗೈಯನ್ನೇ ಚಾಚಿದರು. ಚಿಕ್ಕವರಿದ್ದಾಗ ಅಜ್ಜಿ ಚುಚ್ಚಿಸಿದ್ದ ಬಳ್ಳಿಯ ಹಚ್ಚೆ ಆ ಕೈಮೇಲಿತ್ತು. ನಮ್ಮ ಮೈಬಣ್ಣಕ್ಕೆ ಆ ಬೆಳಕು ಎಷ್ಟು ಸಾಕು, ಎಷ್ಟಾದರೆ ಸುಡುತ್ತದೆ ಎಂಬುದನ್ನು ಆ ಹಚ್ಚೆಯ ಒಂದೊಂದೇ ಎಲೆಯ ಮೇಲೆ ಕಲಿತರು.

ಬೀದರಿಗೆ ಮರಳಿದ ಮರುದಿನವೇ ಗಾಂಧಿ ಗಂಜಿಗೆ ಹೋದರು. ಲಾರಿ, ಕೈಗಾಡಿ, ತೊಗರಿಯ ದೂಳು ದಾಟಿ ಹೋಗುತ್ತಿದ್ದ ಡಾಕ್ಟರಬಾಯಿಯನ್ನು ಕಂಡು, ಹಿಂದೊಮ್ಮೆ ಅವರಿಂದ ಗಜಕರ್ಣ ವಾಸಿಮಾಡಿಕೊಂಡಿದ್ದ ಹಮಾಲ ಅಯ್ಯುಬ ಹೊತ್ತ ಚೀಲ ಇಳಿಸಿ ಓಡಿಬಂದು, ಮನ್ಮಥಪ್ಪನವರ ಅಂಗಡಿ ತೋರಿಸಿದ. ಸಾವಕಾರರು ಗಾದಿಯಿಂದ ಎದ್ದು ನಿಂತು ಕೈಮುಗಿದರು. ಗಿರಾಕಿಗಳು ಕೇಳುವಂತೆಯೇ ಮಹಾಮಾಯಾ ಹೇಳಿದರು: “ನಿಮ್ಮ ಮಗಳಿಗಿ ದವಾ ಇಲ್ಲಂತ ಹೇಳಿದ್ದೆ. ಅದು ತಪ್ಪದರಿ. ದವಾ ಅದ.”

ಮನ್ಮಥಪ್ಪನವರು ನಕ್ಕು, ಅಭಿಮಾನದಿಂದಲೇ ಒಂದು ಮಾತು ಹೇಳಿದರು. “ಮುಂಚೆ ಒಮ್ಮೆ ಹೈದರಾಬಾದಿನ ವ್ಯಾಪಾರಿ ಒಬ್ಬಾಂವ ಹೇಳಿದ್ದರಿ, ಇಂಥಾದ್ದಕ್ಕ ಬೆಳಕಿನ ಇಲಾಜು ಬಂದದ, ಪೋರೀನ ಕರ್ಕೊಂಡು ಬರ್ರಿ ಅಂತ. ನಮ್ಮ ಮನ್ಯಾಕಿ ಒಪ್ಪಲೇ ಇಲ್ಲ. ನಮ್ಮ ಡಾಕ್ಟರಬಾಯಿ ಇಲ್ಲಂದ ಮ್ಯಾಲ ಇಲ್ಲ, ಅಂವಾ ಸುಳ್ಳ ಹೇಳ್ತಾನ ಅಂದಳು. ನಿಮ್ಮ ಮಾತಂದ್ರ ನಮಗ ಹಂಗರಿ.”

ಹೊಗಳಿಕೆ ಅಷ್ಟು ಆಳಕ್ಕೆ ಇರಿಯಬಲ್ಲದೆಂದು ಮಹಾಮಾಯಾರಿಗೆ ಅಂದೇ ತಿಳಿದದ್ದು. ಗ್ರಹಣದ ಪಾಪದಿಂದ ಆ ತಾಯಿಯನ್ನು ಬಿಡಿಸಿದ ಮಾತಿನ ಮೇಲಿನ ನಂಬಿಕೆಯೇ ‘ದವಾ ಇಲ್ಲ’ ಎಂಬ ಎರಡನೆಯ ಮಾತನ್ನೂ ಕಲ್ಲಿನಂತೆ ಭದ್ರ ಮಾಡಿತ್ತು. ಅವರು ಸಾವಕಾರರ ಜತೆ ಭಾಲ್ಕಿಗೆ ಹೊರಟರು.

ಉಮಾಶ್ರೀ ಕಾಲೇಜು ಬಿಟ್ಟು ಮನೆಯಲ್ಲಿದ್ದಳು. ಅವಳಿಗೆ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾಗಬೇಕೆಂಬ ಆಸೆಯಿತ್ತು. ಸಣ್ಣ ಮಕ್ಕಳು ತನ್ನ ಮುಖ ನೋಡಿ ಅಂಜುತ್ತಾರೆಂದು ಅದನ್ನು ತಾನೇ ಕೈಬಿಟ್ಟಿದ್ದಳು. ನೆಂಟರ ಮದುವೆಗಳಲ್ಲಿ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಮನೆಯಲ್ಲೂ ಎಡಗೆನ್ನೆ ಗೋಡೆಯ ಕಡೆ ಇರುವಂತೆಯೇ ಕೂರುತ್ತಿದ್ದಳು. ಡಾಕ್ಟರಬಾಯಿ ಬಂದ ವಿಷಯ ತಿಳಿದು ಅನುಸೂಯಾಬಾಯಿ ಸಿಟ್ಟಾದರು. “ಹಣಿಬರಾ ಅಂತ ಆಕಿಗಿ ತಿಳಿಸಿ ತಿಳಿಸಿ ಸಾಕಾಗಿ ಈಗ ಸುಮ್ಮನಾಗ್ಯಾಳ. ಮತ್ತ ಯಾಕ ಆಸೆ ಹಚ್ಚಲಿಕ್ಕ ಬಂದೀರಿ? ಆಗಲಿಲ್ಲಂದ್ರ ಆಕಿನ್ನ ಯಾರು ಹಿಡೀಬೇಕು?” ಎಂದರು.

ಮಹಾಮಾಯಾ ವಾದಿಸಲಿಲ್ಲ. ಎಡಗೈಯ ಮೇಲಿನ ಸೆರಗು ಸರಿಸಿ, ಅರ್ಧ ಅಳಿದ ಹಚ್ಚೆಯ ಮೇಲೆ ಇನ್ನೂ ಆರುತ್ತಿದ್ದ ಹಕ್ಕಳೆಯನ್ನು ಹುಡುಗಿಗೆ ತೋರಿಸಿದರು. ಗೋಡೆಯ ಕಡೆ ತಿರುಗಿದ್ದ ಮುಖ ಇತ್ತ ತಿರುಗಿತು. “ಭಾಳ ನೋಯ್ತೇನ್ರಿ?” ಎಂದು ಅವಳು ಕೇಳಿದಳು. “ಕಾದ ಎಣ್ಣಿ ಸಿಡಿದಂಗ ಆಗ್ತದವ್ವಾ. ನಾ ಈಗರ ಕಲೀಲಿಕ್ಕತ್ತೇನಿ. ನಮ್ಮ ಗುರುಗಳ ಮುಂದ, ಅವರು ಹೇಳಿದಂಗ ಮಾಡ್ತೇನಿ. ಪೂರಾ ಹೋಗ್ತದಂತ ಮಾತು ಕೊಡೂದಿಲ್ಲ. ನೀ ಹೂಂ ಅಂದ್ರ ಮಾಡೂನು, ಇಲ್ಲಂದ್ರ ಚಹಾ ಕುಡ್ದು ಹೋಗ್ತೇನಿ” ಎಂದರು. ಉಮಾಶ್ರೀ ಹೂಂ ಎಂದಳು.

ಆಗ ಬೀದರಿನ ದವಾಖಾನೆಯಲ್ಲಿ ಲೇಸರ್ ಯಂತ್ರವಿರಲಿಲ್ಲ. ಹಲವು ತಿಂಗಳಿಗೊಮ್ಮೆ ದವಾಖಾನೆಗೆ ಬೀಗ ಹಾಕಿ, ತಾಯಿ ಮಗಳನ್ನು ಕರೆದುಕೊಂಡು ಬೆಳಗಿನ ರೈಲಿಗೆ ಹೈದರಾಬಾದಿಗೆ ಹೋಗುತ್ತಿದ್ದರು. ಮೊದಲು ಕಿವಿಯ ಹಿಂದೆ ಸಣ್ಣ ಜಾಗದಲ್ಲಿ ಪರೀಕ್ಷೆ, ವಾರಗಟ್ಟಲೆ ಕಾಯುವುದು, ಆಮೇಲೆ ಕೆನ್ನೆ. ಗುರುಗಳು ಪಕ್ಕದಲ್ಲಿ ನಿಂತಿರುತ್ತಿದ್ದರು, ಮಹಾಮಾಯಾರ ಸೆರಗು ಬೆವರಿನಲ್ಲಿ ತೊಯ್ದಿರುತ್ತಿತ್ತು. ಒಂದು ಬೇಸಿಗೆಯಲ್ಲಿ ಚಿಕಿತ್ಸೆಯಾದ ಜಾಗ ಬಿಸಿಲಿಗೆ ಮೊದಲಿಗಿಂತ ಕಪ್ಪಾದಾಗ ಅನುಸೂಯಾಬಾಯಿ ಮೂರು ಹೊತ್ತು ಅನ್ನ ಬಿಟ್ಟರು. ಡಾಕ್ಟರಬಾಯಿ ವಾರಕ್ಕೆರಡು ಸಲ ಭಾಲ್ಕಿಗೆ ಹೋಗಿ, ಮಗಳ ಕೆನ್ನೆ ನೋಡಿ, ತಾಯಿಗೆ ಊಟ ಮಾಡಿಸಿ ಬರುತ್ತಿದ್ದರು. ನಿಧಾನವಾಗಿ ಕಪ್ಪು ಇಳಿಯಿತು, ನೀಲಿಯೂ ಇಳಿಯುತ್ತ ಬಂತು.

ಆ ರೈಲಿನ ಪ್ರಯಾಣಗಳಲ್ಲೇ ಅನುಸೂಯಾಬಾಯಿಯ ಸಿಟ್ಟು ಕರಗಿತು. ಮೊದಲ ಸಲ ಅವರು ಬುತ್ತಿ ಬಿಚ್ಚುವಾಗ ಡಾಕ್ಟರಬಾಯಿಯಿಂದ ಆಚೆ ಸರಿದು ಕೂತಿದ್ದರು. ಮೂರನೆಯ ಸಲಕ್ಕೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮೂವರಿಗೆ ಸಾಲುವಷ್ಟು ಕಟ್ಟಿಕೊಂಡು ಬಂದು, ಒಂದೇ ತಟ್ಟೆಯಲ್ಲಿ ಬಡಿಸಿ, ಡಾಕ್ಟರಬಾಯಿ ಕಡಿಮೆ ತಿಂದರೆಂದು ಬೈಯತೊಡಗಿದ್ದರು. ಆ ಒಂದು ತಟ್ಟೆಯ ಬಗ್ಗೆ ಮೂವರಲ್ಲಿ ಯಾರೂ ಯಾವತ್ತೂ ಮಾತಾಡಲಿಲ್ಲ.

ಎರಡು ವರ್ಷವಾಗುತ್ತ ಬಂದಾಗ ಕಣ್ಣಿನ ಕೆಳಗೆ ಒಂದು ತೆಳು ನೆರಳು ಬಿಟ್ಟರೆ ಉಳಿದದ್ದೆಲ್ಲ ಮಾಸಿತ್ತು. ಹಿಂದಿರುಗುವ ರೈಲಿನಲ್ಲಿ ಉಮಾಶ್ರೀ ಅಂದು ಎಡಗೆನ್ನೆಯನ್ನು ಜನರ ಕಡೆಯೇ ಇಟ್ಟು ಕೂತಿದ್ದಳು. ನೋಡುತ್ತ ಕುಳಿತ ಮಹಾಮಾಯಾರಿಗೆ ತಮ್ಮ ವೃತ್ತಿಜೀವನವೆಲ್ಲ ಸಾರ್ಥಕವಾಯಿತೆನ್ನಿಸಿತು. ಆಗ ಹುಡುಗಿ ಅವರ ಕಡೆ ತಿರುಗಿ ಕೇಳಿದಳು: “ಡಾಕ್ಟರಬಾಯಿ, ಈ ಬೆಳಕಿನ ಇಲಾಜು ನಾ ಸಣ್ಣಾಕಿದ್ದಾಗನೂ ಇತ್ತೇನ್ರಿ?”

ಇರಲಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರೂ ಪರೀಕ್ಷಿಸಿ ನೋಡುವವರಿರಲಿಲ್ಲ, ಆ ಸಂತೋಷದ ದಿನಕ್ಕೆ ಒಂದು ಸಣ್ಣ ಸುಳ್ಳು ಭಾರವೂ ಆಗುತ್ತಿರಲಿಲ್ಲ. ಮಹಾಮಾಯಾರು ತಡವರಿಸಿದರು, ತಡವರಿಸಿದೆ ಎಂಬುದನ್ನೂ ಬರೆಯಿರಿ ಎಂದು ಹೇಳಿದ್ದಾರೆ. ಆಮೇಲೆ ಹೇಳಿದರು: “ಇತ್ತವ್ವಾ. ಆಗ ಹೊರದೇಶದಾಗ ಇತ್ತು. ಆಮ್ಯಾಲ ಕೆಲವು ವರ್ಷಕ್ಕ ಹೈದರಾಬಾದಿಗೂ ಬಂದಿತ್ತು. ನನಗ ಗೊತ್ತಿರಲಿಲ್ಲ. ಗೊತ್ತು ಮಾಡ್ಕೋಬೇಕಿತ್ತು, ಮಾಡ್ಕೊಳ್ಳಲಿಲ್ಲ.”

ಉಮಾಶ್ರೀ ಕಿಟಕಿಯ ಕಡೆ ತಿರುಗಿದಳು. ಮುಂದಿನ ಸಲ ಹೈದರಾಬಾದಿಗೆ ಹೋಗುವ ದಿನ ಅವಳು ಬರಲಿಲ್ಲ. ಅನುಸೂಯಾಬಾಯಿ ಒಬ್ಬರೇ ದವಾಖಾನೆಗೆ ಬಂದು, “ಆಕಿ ಬರೂದಿಲ್ಲಂತರಿ. ನೀವೇನು ತಿಳ್ಕೋಬ್ಯಾಡ್ರಿ” ಎಂದು ಕಣ್ಣೊರೆಸಿಕೊಂಡು ಹೋದರು. ರೋಗಿ ತಪ್ಪಿಸಿಕೊಂಡರೆ ಮನೆಯವರೆಗೂ ಹುಡುಕಿಕೊಂಡು ಹೋಗುವ ಮಹಾಮಾಯಾ ಈ ಸಲ ಮಾತ್ರ ಹೋಗಲಿಲ್ಲ. ಬಾ ಎನ್ನುವ ಹಕ್ಕು ತಮಗಿಲ್ಲ ಎಂಬುದು ಅವರ ತೀರ್ಮಾನವಾಗಿತ್ತು.

ನಂತರದ ವರ್ಷಗಳು ಅವರ ಸೇವೆಯ ಸುವರ್ಣ ವರ್ಷಗಳೆಂದು ಎಲ್ಲರೂ ಹೇಳುತ್ತಾರೆ, ಸುಳ್ಳೂ ಅಲ್ಲ. ದವಾಖಾನೆಗೆ ಸ್ವಂತ ಯಂತ್ರ ಬಂತು. ಹೊಸ ಯಂತ್ರ ಯಾವುದೇ ಬರಲಿ, ಅದರ ಮೊದಲ ಏಟು ಡಾಕ್ಟರಬಾಯಿಯ ಕೈಗೇ ಬೀಳುತ್ತಿತ್ತು. ಸುಟ್ಟ ಗಾಯದ ಕಲೆಯವರು, ಮೊಡವೆಯ ಗುಳಿಯವರು, ಗೆಳತಿಯರ ನಗುವಿಗೆ ಅಂಜಿ ದಿನವೂ ಕದ್ದು ಗಲ್ಲ ಬೋಳಿಸಿಕೊಳ್ಳುತ್ತಿದ್ದ ಔರಾದಿನ ಕಾಲೇಜು ಹುಡುಗಿಯರು ಬಂದು ಹಗುರಾಗಿ ಹೋದರು. ಅಂಗಡಿಯವರು ಕೊಟ್ಟ ಸ್ಟಿರಾಯ್ಡ್ ಕ್ರೀಮು ಹಚ್ಚಿ ಮುಖ ಸುಟ್ಟುಕೊಂಡು ಬಂದವರಿಗೆ ಮೊದಲು ಬೈಗುಳ, ಆಮೇಲೆ ಚಿಕಿತ್ಸೆ. ಮಗಳನ್ನು ಮದುವೆಗೆ ಮೊದಲು ಬೆಳ್ಳಗೆ ಮಾಡಿಕೊಡಿ ಎಂದು ಬಂದವರಿಗೆ ಅವರ ಉತ್ತರ ಇಡೀ ಬೀದರಿಗೆ ಬಾಯಿಪಾಠ: “ಬೆಳ್ಳಗ ಮಾಡೂದು ಸುಣ್ಣಾ ಬಳ್ಯಾವರ ಕೆಲಸರಿ, ನಂದಲ್ಲ. ಹುಡುಗಿ ಛಲೋ ಇದ್ದಾಳ, ಕರ್ಕೊಂಡು ಹೋಗ್ರಿ.”

ನಮ್ಮಂಥ ಶಿಷ್ಯರಿಗೆ ಅವರು ಕಲಿಸಿದ ಮುಖ್ಯ ಪಾಠ ಒಂದು ಶಬ್ದದ ಮೇಲಿನ ನಿಷೇಧ. ತಬಸ್ಸುಮ ಸೇರಿದ ಹೊಸದರಲ್ಲಿ ಜನವಾಡದ ರೋಗಿಯೊಬ್ಬರಿಗೆ, ಇದಕ್ಕೆ ಔಷಧಿ ಇಲ್ಲ ಎಂದು ಹೇಳಿ ಕಳಿಸಿದ್ದರು. ಒಳಗಿದ್ದ ಮಹಾಮಾಯಾ ಹೊರಗೆ ಬಂದು, ರಸ್ತೆಯವರೆಗೆ ಹೋಗಿ ಆ ರೋಗಿಯನ್ನು ವಾಪಸು ಕರೆತಂದು, ಶಿಷ್ಯೆಯಿಂದಲೇ ಮಾತು ತಿದ್ದಿಸಿದರು: “ನನಗ ಇವತ್ತಿನ ತನಕ ಗೊತ್ತಿಲ್ಲ, ಕೇಳಿ ಹೇಳ್ತೇನಿ ಅನ್ನು. ಫೋನ್ ನಂಬರ್ ತಗೋ. ಆಮ್ಯಾಲ ಖರೇನ ಕೇಳು, ಖರೇನ ಹೇಳು.” ತಬಸ್ಸುಮ ಅಂದು ಅವಮಾನದಿಂದ ಅತ್ತಿದ್ದರು. ಆ ರೋಗಿಗೆ ಫೋನ್ ಮಾಡುವ ದಿನ ಬಂದಾಗ ಸಂತೋಷದಿಂದ ಅತ್ತರು ಎಂಬುದನ್ನೂ ದಾಖಲಿಸಬೇಕು. ಕೊರೊನಾ ಕಾಲದಲ್ಲಿ ಎಲ್ಲರೂ ಮನೆ ಹಿಡಿದಾಗ ಅರವತ್ತರ ಡಾಕ್ಟರಬಾಯಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಆನ್‌ಲೈನ್ ತರಗತಿಗಳಲ್ಲಿ ಕೂತು, ಮೈಕು ಆಫ್ ಮಾಡುವುದನ್ನು ಮರೆತು, ದೇಶದ ವೈದ್ಯರಿಗೆಲ್ಲ ತಮ್ಮ ಅಡುಗೆಮನೆಯ ವಿಚಾರ ಕೇಳಿಸಿದರು.

ಇಷ್ಟೆಲ್ಲದರ ನಡುವೆ ಅವರು ಭಾಲ್ಕಿಯ ಕಡೆಯಿಂದ ಬಂದ ರೋಗಿಗಳನ್ನು ಮಾತಿನ ನಡುವೆ, ಗಂಜಿನ ಮನ್ಮಥಪ್ಪನವರ ಮಗಳು ಹೇಗಿದ್ದಾಳೆಂದು ಕೇಳುತ್ತಿದ್ದರು. ಬಿ.ಎಡ್. ಆಯಿತಂತೆ, ಕಮಠಾಣದ ಶಾಲೆಯಲ್ಲಿ ಅಕ್ಕೋರಾಗಿದ್ದಾಳಂತೆ ಎಂಬ ಸುದ್ದಿ ಬಂದ ದಿನ ದವಾಖಾನೆಯವರಿಗೆಲ್ಲ ಪೇಢಾ ಹಂಚಿದರು. ಯಾಕೆಂದು ಯಾರಿಗೂ ಹೇಳಲಿಲ್ಲ.

ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ಮಧ್ಯಾಹ್ನ, ಉಮಾಶ್ರೀ ದವಾಖಾನೆಯ ಬಾಗಿಲಲ್ಲಿ ನಿಂತಿದ್ದಳು. ಜತೆಯಲ್ಲಿ ಕಮಠಾಣದ ತಾಯಿಯೊಬ್ಬಳು, ಆಕೆಯ ಸೆರಗಿನೊಳಗೆ ಮುಖ ಮುಚ್ಚಿಕೊಂಡ ಮಗಳು. ಹುಡುಗಿ ಉಮಾಶ್ರೀಯ ತರಗತಿಯವಳು. ಕಣ್ಣಿನ ಸುತ್ತ ಅದೇ ಬೂದುನೀಲಿ ಮಚ್ಚೆ. ಮಹಾಮಾಯಾ ಉಮಾಶ್ರೀಯನ್ನು ನೋಡಿದರು, ಮಗುವನ್ನು ಹತ್ತಿರ ಕರೆದು ಕೈ ಹಿಡಿದುಕೊಂಡರು, ಹೆಸರು ಕೇಳಿದರು, ಕೆನ್ನೆ ಸವರಿದರು.

“ಪೂರಾ ಹೋಗ್ತದೇನ್ರಿ?” ಎಂದು ಆ ತಾಯಿ ಕೇಳಿದಳು.

“ಬಹಳಷ್ಟು ಹೋಗ್ತದವ್ವಾ. ಪೂರಾ ಹೋಗ್ತದೋ ಇಲ್ಲೋ, ನನಗ ಈಗ ಗೊತ್ತಿಲ್ಲ.”

ಆಕೆ ಎದ್ದು ನಿಂತು ಮಗಳ ಕೈ ಎಳೆದಳು. “ಡಾಕ್ಟರಿಗೇ ಗೊತ್ತಿಲ್ಲಂದ್ರ ಹ್ಯಾಂಗ್ರಿ ಅಕ್ಕೋರೆ? ನಡೀರಿ, ಬ್ಯಾರೆ ಕಡಿ ಹೋಗೂನು.”

ಉಮಾಶ್ರೀ ಏಳಲಿಲ್ಲ. “ಕೂಡ್ರಿ” ಎಂದು ತನ್ನ ಎಡಗೆನ್ನೆ ಮುಟ್ಟಿ ತೋರಿಸಿದಳು. “ಈ ಮಾರಿ ಇವರ ಕೈಯಾಗ ಆಗಿದ್ದು. ಇವರು ನನಗ ಖರೇನೇ ಹೇಳ್ಯಾರ. ಸುಳ್ಳ ಹೇಳಿದ್ರೂ ನನಗ ತಿಳೀತಿರಲಿಲ್ಲ, ಆದ್ರೂ ಖರೇನೇ ಹೇಳ್ಯಾರ. ಇಂಥಾ ಡಾಕ್ಟರು ನಿಮಗ ಬ್ಯಾರೆ ಕಡಿ ಸಿಗೂದಿಲ್ಲ, ಕೂಡ್ರಿ.”

ತಾಯಿ ಕುಳಿತಳು. ಮಹಾಮಾಯಾ ಮಗುವಿನ ಕಿವಿಯ ಹಿಂದಿನ ಚರ್ಮ ನೋಡುತ್ತ, ತಲೆಯೆತ್ತದೆ, “ಸಿಟ್ಟು ಹೋಯ್ತೇನವ್ವಾ?” ಎಂದು ಕೇಳಿದರು. ಉಮಾಶ್ರೀ ತುಸು ಯೋಚಿಸಿದಳು.

“ಬಹಳಷ್ಟು ಹೋಗ್ಯದರಿ,” ಎಂದಳು. “ಪೂರಾ ಹೋಗ್ತದೋ ಇಲ್ಲೋ, ನನಗೂ ಈಗ ಗೊತ್ತಿಲ್ಲ.”

ಮಹಾಮಾಯಾ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ನಕ್ಕರೋ ಅತ್ತರೋ ಎಂಬ ಬಗ್ಗೆ ಅಂದು ಅಲ್ಲಿದ್ದ ತಬಸ್ಸುಮ ಅವರಿಗೇ ಖಚಿತವಿಲ್ಲ.

ನಿವೃತ್ತಿಯೆಂಬುದು ಈ ಹಿರಿಯರ ಮಟ್ಟಿಗೆ ಬರೀ ಕುರ್ಚಿಯ ಬದಲಾವಣೆ. ಬರುವ ತಿಂಗಳು ಹೈದರಾಬಾದಿನಲ್ಲಿ ಯಾವುದೋ ಹೊಸ ಯಂತ್ರದ ತರಬೇತಿಯಿದೆಯೆಂದು ಕೇಳಿ ಆಗಲೇ ಹೆಸರು ಬರೆಸಿದ್ದಾರೆ; ಮೊದಲ ಬೆಂಚಿನವರ ಊಟ ತಣ್ಣಗಾಗುವುದು ಖಂಡಿತ. ಅವರಿಗೆ ದೀರ್ಘಾಯುಷ್ಯವನ್ನೂ ನೋವಿಲ್ಲದ ಸೊಂಟವನ್ನೂ ಹಾರೈಸುತ್ತೇವೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಆ ದನಿ ನಮ್ಮ ಜಿಲ್ಲೆಯಲ್ಲಿ ಇನ್ನೂ ಬಹುಕಾಲ ಕೇಳುತ್ತಿರ‍ಲಿ. ಗೊತ್ತಾದ ದಿನ, ಹಿಂದೆ ಬರಿಗೈಯಲ್ಲಿ ಕಳಿಸಿದವರ ಮನೆಯನ್ನು ಹುಡುಕಿಕೊಂಡು ಹೊರಡುವ ಆ ಕಾಲುಗಳು ಗಟ್ಟಿಯಾಗಿರಲಿ.